ರೊದ್ದಂ ನರಸಿಂಹ ಅವರು ಹರಿವಿನಲ್ಲಿ ಹುಡುಕಿದ್ದೇನು?

ಓದುಗರೊಬ್ಬರ ಪ್ರಶ್ನೆ: ವಿಜ್ಞಾನಿ ರೊದ್ದಂ ನರಸಿಂಹ ಅವರ ಬಗ್ಗೆ ಓದಲು ಹೋದರೆ ಹುದ್ದೆಗಳು, ಪದ್ಮ ಪ್ರಶಸ್ತಿಗಳು, ವಿಮಾನ, ಕಂಪ್ಯೂಟರ್, ಕೊನೆಗೆ ಮೋಡ, ಹೀಗೆ ಪಟ್ಟಿಯೇ ಸಿಗುತ್ತದೆ. ಟರ್ಬ್ಯುಲೆನ್ಸ್ ಎಂದು ಕರೆಯುವ ಪ್ರಕ್ಷುಬ್ಧ ಹರಿವಿನ ವಿಷಯದಲ್ಲಿ ಅವರು ನಿಜವಾಗಿ ಮಾಡಿದ ಕೆಲಸ ಯಾವುದು? ವಿಮಾನದಿಂದ ಮೋಡಕ್ಕೆ ಹೋದದ್ದು ಕ್ಷೇತ್ರವನ್ನೇ ಬದಲಿಸಿದಂತಲ್ಲವೇ? ಈ ಸಮಸ್ಯೆ ಇಂದಿಗೂ ಬಗೆಹರಿದಿಲ್ಲ ಎನ್ನುತ್ತಾರೆ; ಹಾಗಿದ್ದರೆ ಒಂದು ಜೀವಮಾನದ ದುಡಿಮೆಯಿಂದ ದಕ್ಕಿದ್ದೇನು? ನನ್ನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವರ ಕೆಲಸದಲ್ಲಿ ಅವಳು ಮೊದಲು ಓದಬಹುದಾದದ್ದು ಯಾವುದು?

ಉತ್ತರ: ಸಮಸ್ಯೆ ಬಗೆಹರಿದಿಲ್ಲ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳೆಲ್ಲ ಅದರ ಮೇಲೆ ನಿಂತಿವೆ. ಹರಿವಿನ ನಿಯಮಗಳೇ ಗೊತ್ತಿಲ್ಲವೆಂಬುದು ಆ ಮಾತಿನ ಅರ್ಥವಲ್ಲ. ನೇವಿಯರ್ 1822ರಲ್ಲಿಯೂ ಸ್ಟೋಕ್ಸ್ 1845ರಲ್ಲಿಯೂ ಬರೆದ ಸಮೀಕರಣಗಳು ನೀರಿಗೂ ಗಾಳಿಗೂ ಇಂದಿಗೂ ಸಾಕಾಗುತ್ತವೆ. ತೊಡಕಿರುವುದು ಸರಾಸರಿ ತೆಗೆಯುವಲ್ಲಿ. ಪ್ರಕ್ಷುಬ್ಧ ಹರಿವಿನಲ್ಲಿ ಪ್ರತಿ ಬಿಂದುವಿನ ವೇಗವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ಎಂಜಿನಿಯರಿಗೆ ಬೇಕಾದದ್ದಾದರೋ ಸರಾಸರಿ ವೇಗ ಮತ್ತು ಸರಾಸರಿ ಎಳೆತ, ಎಂದರೆ ಹರಿವು ವಸ್ತುವನ್ನು ಹಿಡಿದೆಳೆಯುವ ಬಲ. ಆದರೆ 1895ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ತೋರಿಸಿದ ಹಾಗೆ, ಸಮೀಕರಣಗಳ ಸರಾಸರಿ ತೆಗೆದ ಕೂಡಲೇ ಅವುಗಳೊಳಗೆ ಹೊಸ ಅಜ್ಞಾತಗಳು ಹುಟ್ಟಿಕೊಳ್ಳುತ್ತವೆ, ಆ ಅಜ್ಞಾತಗಳಿಗೆ ಸಮೀಕರಣ ಬರೆಯಹೊರಟರೆ ಇನ್ನಷ್ಟು ಅಜ್ಞಾತಗಳು ಬರುತ್ತವೆ, ಈ ಸರಣಿ ಎಲ್ಲಿಯೂ ಮುಗಿಯುವುದಿಲ್ಲ. ಆದ್ದರಿಂದ ವಿಮಾನದ ರೆಕ್ಕೆಯ ಎಳೆತವನ್ನು ಲೆಕ್ಕ ಹಾಕುವವರಿಂದ ಹಿಡಿದು ನಾಳಿನ ಮಳೆಯನ್ನು ಮುನ್ಸೂಚಿಸುವವರ ತನಕ ಎಲ್ಲರೂ ಎಲ್ಲೋ ಒಂದು ಕಡೆ ಊಹೆಯೊಂದನ್ನು ಸೇರಿಸಿಯೇ ಮುಂದುವರಿಯುತ್ತಾರೆ.

ನರಸಿಂಹ ಅವರು ಈ ಸಮಸ್ಯೆಯನ್ನು ಇಡಿಯಾಗಿ ಬಿಡಿಸಲು ಕೈಹಾಕಿದವರಲ್ಲ. ಹರಿವು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಎಡೆಗಳನ್ನು ಆರಿಸಿಕೊಂಡು, ಅಲ್ಲಿ ಅಳೆದು ನೋಡಬಹುದಾದ, ತಪ್ಪಾಗಿದ್ದರೆ ತಪ್ಪೆಂದು ಗೊತ್ತಾಗುವಂಥ ಒಂದು ಸರಳ ಹೇಳಿಕೆಯನ್ನು ಮಾಡಲು ಸಾಧ್ಯವೇ ಎಂದು ಪರೀಕ್ಷಿಸುವುದು ಅವರ ಕ್ರಮವಾಗಿತ್ತು. ನೀವು ಹೇಳಿದ ಪಟ್ಟಿಯಲ್ಲಿ ಚದುರಿದಂತೆ ಕಾಣುವ ವಿಷಯಗಳನ್ನು ಈ ಕ್ರಮವೇ ಒಂದಾಗಿ ಹಿಡಿದಿದೆ ಎಂಬುದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1933ರಲ್ಲಿ. ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ನರಸಿಂಹ ಅವರು, ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದಾಗ, ಅಲ್ಲಿ ಸತೀಶ್ ಧವನ್ ಇದ್ದರು. ಧವನ್ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ, ಹರಿಯುವ ಗಾಳಿ ಮೇಲ್ಮೈಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆಯುವ ಕೆಲಸ ಮಾಡಿ 1951ರಲ್ಲಿ ಮರಳಿದ್ದರು. ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿ ಅವರನ್ನು ಬಲ್ಲ ನಮಗೆ ಗಾಳಿಸುರಂಗದ ಪಕ್ಕದಲ್ಲಿ ನಿಂತ ಧವನ್ ಅಷ್ಟಾಗಿ ಪರಿಚಿತರಲ್ಲ. ನರಸಿಂಹ ಅವರಿಗೆ ಸಿಕ್ಕ ಗುರು ಮಾತ್ರ ಆ ಧವನ್.

ಮೊದಲ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಕೆಲಸಗಳ ರೀತಿ ಅದರಲ್ಲಿಯೇ ಕಾಣುತ್ತದೆ. ಚಪ್ಪಟೆ ಹಲಗೆಯೊಂದರ ಮೇಲೆ ಗಾಳಿ ಹರಿಯುವಾಗ ಹಲಗೆಗೆ ಅಂಟಿದಂತಿರುವ ತೆಳುವಾದ ಗಡಿಪದರದಲ್ಲಿ ಅದರ ವೇಗ ಸೊನ್ನೆಯಿಂದ ಪೂರ್ಣ ಮೌಲ್ಯಕ್ಕೆ ಏರುತ್ತದೆ. ಹಲಗೆಯ ಮುಂಚೂಣಿಯಲ್ಲಿ ಈ ಪದರ ನಯವಾಗಿ ಹರಿಯುತ್ತದೆ, ಮುಂದೆ ಸಾಗಿದಂತೆ ಪ್ರಕ್ಷುಬ್ಧವಾಗುತ್ತದೆ, ಪ್ರಕ್ಷುಬ್ಧವಾದ ಕಡೆ ಎಳೆತ ಬಹಳ ಹೆಚ್ಚು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಈ ಬದಲಾವಣೆ ಒಂದೇ ರೇಖೆಯಲ್ಲಿ ಆಗಿಬಿಡುವುದಿಲ್ಲ. ನಡುವೆ ಉದ್ದನೆಯ ಒಂದು ಸಂಕ್ರಮಣ ವಲಯವಿದೆ. ಆ ವಲಯದಲ್ಲಿ ನಯವಾದ ಹರಿವಿನ ನಡುನಡುವೆ ಪ್ರಕ್ಷುಬ್ಧತೆಯ ಮಚ್ಚೆಗಳು ಹುಟ್ಟಿ, ಹರಿವಿನೊಡನೆ ಸಾಗುತ್ತ ಬೆಳೆಯುತ್ತವೆ ಎಂಬುದನ್ನು ಅಮೆರಿಕದ ಎಮನ್ಸ್ 1951ರಲ್ಲಿ ಗುರುತಿಸಿದ್ದರು. ಒಣಗಿದ ನೆಲದ ಮೇಲೆ ಮಳೆಯ ಮೊದಲ ಹನಿಗಳು ಅಲ್ಲೊಂದು ಇಲ್ಲೊಂದು ಬಿದ್ದು, ಹರಡಿ, ಒಂದನ್ನೊಂದು ಕೂಡಿಕೊಂಡು ಕೊನೆಗೆ ನೆಲವೆಲ್ಲ ಒದ್ದೆಯಾಗುವಂತೆಯೇ ಇದು, ಗಣಿತವೂ ಹೆಚ್ಚುಕಡಿಮೆ ಅದೇ.

ಮಚ್ಚೆಗಳು ಹಲಗೆಯ ಮೇಲೆ ಎಲ್ಲೆಂದರಲ್ಲಿ ಸಮಾನ ಸಂಭಾವ್ಯತೆಯಿಂದ ಹುಟ್ಟಬಹುದು ಎಂದು ಎಮನ್ಸ್ ಊಹಿಸಿದ್ದರು. ಮೊದಲ ನೋಟಕ್ಕೆ ಇದಕ್ಕಿಂತ ಸಹಜವಾದ ಊಹೆ ಇನ್ನೊಂದಿಲ್ಲ. ಗಾಳಿಯ ವೇಗದ ಏರಿಳಿತವನ್ನು ಅಳೆಯುವ ಬಿಸಿ ತಂತಿಯ ಉಪಕರಣವನ್ನು ಗಡಿಪದರದಲ್ಲಿ ಇಟ್ಟು, ಒಟ್ಟು ಸಮಯದಲ್ಲಿ ಎಷ್ಟು ಪಾಲು ಅಲ್ಲಿ ಹರಿವು ಪ್ರಕ್ಷುಬ್ಧವಾಗಿತ್ತು ಎಂದು ಎಣಿಸಿದರೆ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆ ಸಿಗುತ್ತದೆ. ಇದಕ್ಕೆ ಗಾಮಾ ಎಂದು ಹೆಸರು. ಎಮನ್ಸರ ಊಹೆ ಸರಿಯಾಗಿದ್ದರೆ ಗಾಮಾದ ಸೂತ್ರದಲ್ಲಿ ದೂರದ ಮೂರನೇ ಘಾತ ಬರಬೇಕು. ನರಸಿಂಹ ಅವರು 1957ರ ಪುಟ್ಟ ಟಿಪ್ಪಣಿಯೊಂದರಲ್ಲಿ ತೋರಿಸಿದ್ದು, ಅಳತೆಗಳು ಇದಕ್ಕೆ ಒಪ್ಪುವುದಿಲ್ಲವೆಂದು. ಮಚ್ಚೆಗಳೆಲ್ಲ ಬಹುತೇಕ ಒಂದೇ ಕಿರಿದಾದ ಪಟ್ಟಿಯಲ್ಲಿ ಹುಟ್ಟುತ್ತವೆ ಎಂದು ಭಾವಿಸಿದರೆ ಮೂರನೇ ಘಾತದ ಬದಲು ಎರಡನೇ ಘಾತ ಬರುತ್ತದೆ, ಆಗ ಬೇರೆ ಬೇರೆ ಪ್ರಯೋಗಗಳ ಬಿಂದುಗಳೆಲ್ಲ ಒಂದೇ ವಕ್ರರೇಖೆಯ ಮೇಲೆ ಬಂದು ಕೂರುತ್ತವೆ ಎಂದು. ಮರುವರ್ಷ, 1958ರಲ್ಲಿ, ಧವನ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಇದರ ಉಪಯೋಗವೂ ಬಂತು: ಸಂಕ್ರಮಣ ವಲಯದ ಸರಾಸರಿ ವೇಗವನ್ನು, ನಯವಾದ ಹರಿವಿನ ವೇಗ ಮತ್ತು ಪ್ರಕ್ಷುಬ್ಧ ಹರಿವಿನ ವೇಗ ಎರಡನ್ನೂ ಗಾಮಾದ ಪಾಲಿಗೆ ತಕ್ಕಂತೆ ಬೆರೆಸಿ ಪಡೆಯಬಹುದು.

ಇದು ಕಿರಿದಾದ ಪ್ರಶ್ನೆಯಂತೆ ಕಾಣಬಹುದು. ಆದರೆ ಜೆಟ್ ಎಂಜಿನ್ನಿನ ಟರ್ಬೈನ್ ಅಲಗಿನ ಮೇಲ್ಮೈಯಲ್ಲಿ ದೊಡ್ಡ ಭಾಗವನ್ನು ಸಂಕ್ರಮಣ ವಲಯವೇ ಆವರಿಸಿಕೊಂಡಿರಬಹುದು, ಬಿಸಿ ಅನಿಲದಿಂದ ಅಲಗಿಗೆ ಎಷ್ಟು ಶಾಖ ಹೋಗುತ್ತದೆ ಎಂಬುದು ಗಾಮಾವನ್ನು ಅವಲಂಬಿಸಿದೆ. ಅಲಗು ಬಾಳುವುದೋ ಕರಗುವುದೋ ಎಂಬ ಲೆಕ್ಕದಲ್ಲಿ ಬೆಂಗಳೂರಿನ ವಿದ್ಯಾರ್ಥಿಯೊಬ್ಬನ ಟಿಪ್ಪಣಿ ಹೀಗೆ ಬಂದು ಸೇರಿತು. ಆಗ ಅವರ ವಯಸ್ಸು ಇಪ್ಪತ್ತನಾಲ್ಕು.

ಅಲ್ಲಿಂದ ಅವರು ಹೋದದ್ದು ಕ್ಯಾಲ್‌ಟೆಕ್‌ಗೆ, ಅದೇ ಲೀಪ್‌ಮನ್ ಅವರ ಬಳಿಗೆ. 1957ರಲ್ಲಿ ಸ್ಪುಟ್ನಿಕ್ ಹಾರಿದ್ದರಿಂದ, ಅಣುಗಳು ಒಂದಕ್ಕೊಂದು ಅಪರೂಪಕ್ಕೆ ಡಿಕ್ಕಿ ಹೊಡೆಯುವಷ್ಟು ವಿರಳವಾದ ಅನಿಲದ ಹರಿವು ಆಗ ಎಲ್ಲರಿಗೂ ಬೇಕಾದ ವಿಷಯವಾಗಿತ್ತು. 1961ರಲ್ಲಿ ಪಿಎಚ್.ಡಿ. ಪಡೆದದ್ದು ಅದರ ಮೇಲೆಯೇ. ಆಘಾತ ತರಂಗದ ಒಳರಚನೆಯ ಮೇಲೂ ಆ ಕಾಲದಲ್ಲಿ ಲೀಪ್‌ಮನ್ ಅವರ ಜೊತೆ ಬರೆದರು. ಈ ಭಾಗವನ್ನು ನಾನು ಬೇಗ ದಾಟುತ್ತೇನೆ; ಕೆಲಸ ಒಳ್ಳೆಯದೇ ಆದರೂ ನಿಮ್ಮ ಪ್ರಶ್ನೆಗೆ ಅದು ಪಕ್ಕದ ದಾರಿ.

ಬೆಂಗಳೂರಿಗೆ ಮರಳಿದ ಮೇಲೆ ಅವರು ಎತ್ತಿಕೊಂಡ ಪ್ರಶ್ನೆ ಮೊದಲಿನದರ ತಲೆಕೆಳಗು. ನಯವಾದ ಹರಿವು ಪ್ರಕ್ಷುಬ್ಧವಾಗುವುದನ್ನು ಎಲ್ಲರೂ ಬಲ್ಲರು. ಪ್ರಕ್ಷುಬ್ಧವಾದ ಹರಿವು ಮತ್ತೆ ನಯವಾಗಬಲ್ಲುದೇ? ಆಗುತ್ತದೆ ಎಂಬ ವರದಿಗಳು ಇದ್ದವು. ಗಾಳಿಯನ್ನು ಕಿರಿದಾಗುತ್ತ ಹೋಗುವ ಮಾರ್ಗದಲ್ಲಿ ತೀವ್ರವಾಗಿ ವೇಗವರ್ಧನೆಗೆ ಒಳಪಡಿಸಿದರೆ ಗೋಡೆಯ ಬಳಿಯ ಪ್ರಕ್ಷುಬ್ಧ ಪದರ ನಯವಾದ ಪದರದ ಲಕ್ಷಣಗಳನ್ನು ತೋರತೊಡಗುತ್ತದೆ. ಅವ್ಯವಸ್ಥೆ ತಾನಾಗಿ ವ್ಯವಸ್ಥೆಗೆ ಮರಳುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರುವುದು ಸಹಜ, ಹಾಗಾಗಿ ಇದು ಹೇಗೆ ಆಗುತ್ತದೆ ಎಂಬುದರ ಬಗ್ಗೆ ಒಮ್ಮತವಿರಲಿಲ್ಲ.

1973ರಲ್ಲಿ ತಮ್ಮ ವಿದ್ಯಾರ್ಥಿ ಕೆ. ಆರ್. ಶ್ರೀನಿವಾಸನ್ ಅವರೊಡನೆ ನರಸಿಂಹ ಅವರು ಪ್ರಕಟಿಸಿದ ಲೇಖನದ ಉತ್ತರ ನನಗೆ ಅವರ ಎಲ್ಲ ಬರಹಗಳಲ್ಲಿ ಅತ್ಯಂತ ಮೆಚ್ಚುಗೆಯಾದದ್ದು. ತೀವ್ರ ವೇಗವರ್ಧನೆಯಲ್ಲಿ ಪ್ರಕ್ಷುಬ್ಧತೆ ನಾಶವಾಗಬೇಕಾಗಿಯೇ ಇಲ್ಲ, ಅದು ಲೆಕ್ಕಕ್ಕಿಲ್ಲದಂತಾದರೆ ಸಾಕು ಎಂದು ಅವರು ವಾದಿಸಿದರು. ಒತ್ತಡದ ಬಲ ಅಷ್ಟು ಬೇಗ ಏರಿದಾಗ ಸುಳಿಗಳು ಅದಕ್ಕೆ ಸ್ಪಂದಿಸಲು ಸಮಯವಿರುವುದಿಲ್ಲ; ಅವು ಇದ್ದಲ್ಲಿಯೇ ಇರುತ್ತವೆ, ಆದರೆ ಅವುಗಳ ಬಲ ಒತ್ತಡದ ಬಲದ ಮುಂದೆ ಗಣನೆಗೆ ಬಾರದಷ್ಟು ಚಿಕ್ಕದಾಗಿಬಿಡುತ್ತದೆ. ಆಗ ಪದರವನ್ನು ಎರಡು ಭಾಗವಾಗಿ ನೋಡಬಹುದು: ಹೊರಭಾಗದಲ್ಲಿ ಸ್ನಿಗ್ಧತೆಯೂ (ಹರಿವಿನ ಪದರಗಳ ನಡುವಿನ ಒಳ ಉಜ್ಜಾಟ) ಪ್ರಕ್ಷುಬ್ಧತೆಯೂ ಲೆಕ್ಕಕ್ಕಿಲ್ಲ, ಗೋಡೆಗೆ ಹತ್ತಿದ ಒಳಭಾಗದಲ್ಲಿ ಹೊಸದಾಗಿ ಒಂದು ನಯವಾದ ಪದರ ಬೆಳೆಯುತ್ತದೆ. ಈ ಎರಡು ಭಾಗಗಳ ಲೆಕ್ಕದಲ್ಲಿ ಪ್ರಕ್ಷುಬ್ಧತೆಯ ಬಗೆಗಿನ ಯಾವ ಊಹೆಯೂ ಬೇಕಾಗುವುದಿಲ್ಲ ಎಂಬುದನ್ನು ಗಮನಿಸಿ. ಮುಗಿಯದ ಸರಣಿಯ ತೊಡಕನ್ನು ಅವರು ಬಿಡಿಸಲಿಲ್ಲ, ಅದು ಅಡ್ಡಬಾರದ ಮಿತಿಯೊಂದನ್ನು ಪತ್ತೆಹಚ್ಚಿದರು, ಆ ಮಿತಿಯಲ್ಲಿ ಬಂದ ಉತ್ತರವನ್ನು ಪ್ರಯೋಗದೊಂದಿಗೆ ಹೋಲಿಸಿದರು. ಸಮಸ್ಯೆ ಬಗೆಹರಿಯದಿದ್ದರೂ ಕೆಲಸ ಸಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆರು ವರ್ಷಗಳ ನಂತರ, 1979ರಲ್ಲಿ, ಇಬ್ಬರೂ ಸೇರಿ ಬರೆದ ವಿಸ್ತಾರವಾದ ಸಮೀಕ್ಷೆಯಲ್ಲಿ ಹರಿವು ನಯಕ್ಕೆ ಮರಳುವ ಇತರ ಬಗೆಗಳನ್ನೂ ಸೇರಿಸಿದರು: ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಗೆ ಹೋಲಿಸಿದರೆ ಹರಿವಿನ ಜಡತ್ವ ಎಷ್ಟು ಎಂಬುದರ ಅಳತೆ) ಇಳಿದು ಸ್ನಿಗ್ಧತೆಯೇ ಸುಳಿಗಳನ್ನು ತಿಂದುಹಾಕುವುದು ಒಂದು ಬಗೆ, ತೇಲುವ ಬಲದಂಥ ಹೊರಗಿನ ಬಲದ ವಿರುದ್ಧ ದುಡಿದು ಸುಳಿಗಳು ಶಕ್ತಿ ಕಳೆದುಕೊಳ್ಳುವುದು ಮತ್ತೊಂದು. ಶ್ರೀನಿವಾಸನ್ ಅವರು ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ, ಬಳಿಕ ಇಟಲಿಯ ಟ್ರಿಯೆಸ್ಟೆಯ ಭೌತವಿಜ್ಞಾನ ಕೇಂದ್ರದ ನಿರ್ದೇಶಕರಾಗಿ ಹೆಸರು ಮಾಡಿದರು.

ಅದೇ ಕಾಲದ ಇನ್ನೊಂದು ಕೆಲಸ ಹೆಚ್ಚು ವಿವಾದ ಎಬ್ಬಿಸಿತು. ಗೋಡೆಯ ತೀರ ಹತ್ತಿರದ ನಿಧಾನಗತಿಯ ಗಾಳಿ ಆಗಾಗ ಥಟ್ಟನೆ ಮೇಲೆ ಚಿಮ್ಮುತ್ತದೆ, ಪ್ರಕ್ಷುಬ್ಧತೆಯ ಬಹುಪಾಲು ಈ ಚಿಮ್ಮುಗಳಲ್ಲಿಯೇ ಉತ್ಪಾದನೆಯಾಗುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಪ್ರಯೋಗಗಳು 1967ರಲ್ಲಿ ತೋರಿಸಿದ್ದವು. ಗೋಡೆಯ ಬಳಿ ನಡೆಯುವ ಘಟನೆಯ ಕಾಲಮಾನವನ್ನು ಗೋಡೆಯ ಬಳಿಯ ಪರಿಸ್ಥಿತಿಯೇ ನಿರ್ಧರಿಸಬೇಕು ಎಂಬುದು ಎಲ್ಲರ ನಿರೀಕ್ಷೆ. ಕೆ. ಎನ್. ರಾವ್ ಮತ್ತು ಬದರಿ ನಾರಾಯಣನ್ ಅವರೊಂದಿಗೆ ನರಸಿಂಹ ಅವರು 1971ರಲ್ಲಿ ಪ್ರಕಟಿಸಿದ ಅಳತೆಗಳು ಬೇರೆಯೇ ಮಾತು ಹೇಳಿದವು: ಎರಡು ಚಿಮ್ಮುಗಳ ನಡುವಿನ ಕಾಲ ಇಡೀ ಪದರದ ದಪ್ಪವನ್ನೂ ಹೊರಗಿನ ಗಾಳಿಯ ವೇಗವನ್ನೂ ಅನುಸರಿಸುತ್ತದೆ. ಎಂದರೆ ಒಳಗಿನ ಘಟನೆಗೆ ಹೊರಗಿನ ದೊಡ್ಡ ಸುಳಿಗಳ ಅಂಕೆ ಇದೆ. ಈ ವಾದ ಎಷ್ಟರಮಟ್ಟಿಗೆ ಸರಿ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ದೊಡ್ಡ ಸುಳಿಗಳು ಗೋಡೆಯ ಬಳಿಯ ಹರಿವಿನ ಮೇಲೆ ಪ್ರಭಾವ ಬೀರುತ್ತವೆ ಎಂಬ ವಿಚಾರ ಇಂದು ಗಡಿಪದರದ ಸಂಶೋಧನೆಯ ಮುಖ್ಯ ವಿಷಯಗಳಲ್ಲಿ ಒಂದಾಗಿದೆ.

ಇಲ್ಲಿಯವರೆಗಿನದು ವಿಮಾನಶಾಸ್ತ್ರದ ಮನೆಯೊಳಗಿನ ಕೆಲಸ. ಇನ್ನು ಮೋಡದ ಪ್ರಶ್ನೆಗೆ ಬರುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರ ಆರಂಭವಾದದ್ದರ ಹಿಂದೆ ನರಸಿಂಹ ಅವರ ಪಾತ್ರ ದೊಡ್ಡದು. ಇದನ್ನು ಕ್ಷೇತ್ರ ಬದಲಾವಣೆ ಎಂದು ನೋಡುವುದು ನನಗೆ ಒಪ್ಪಿಗೆಯಲ್ಲ. ನಾವು ಉಸಿರಾಡುವ ಗಾಳಿಯ ಕೆಳಗಿನ ಒಂದೆರಡು ಕಿಲೋಮೀಟರ್ ಕೂಡ ಒಂದು ಗಡಿಪದರವೇ. ನೆಲ ಅದರ ಗೋಡೆ. ಬಿಸಿಲಿನಿಂದ ಕಾದ ನೆಲ ಅದನ್ನು ಕೆಳಗಿನಿಂದ ಕಲಕುತ್ತದೆ ಎಂಬುದು ಮಾತ್ರ ಗಾಳಿಸುರಂಗದ ಪದರಕ್ಕೂ ಅದಕ್ಕೂ ಇರುವ ವ್ಯತ್ಯಾಸ. 1990ರ ಮುಂಗಾರಿನಲ್ಲಿ ನಡೆದ ಮಾಂಟ್‌ಬ್ಲೆಕ್ಸ್ ಎಂಬ ರಾಷ್ಟ್ರೀಯ ಪ್ರಯೋಗದಲ್ಲಿ ಜೋಧಪುರ, ದೆಹಲಿ, ವಾರಾಣಸಿ ಮತ್ತು ಖರಗ್‌ಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರಗಳನ್ನು ನಿಲ್ಲಿಸಿ, ಉತ್ತರ ಭಾರತದ ಮೇಲೆ ಮಳೆಗಾಲದಲ್ಲಿ ಮೈಚಾಚುವ ಕಡಿಮೆ ಒತ್ತಡದ ಪಟ್ಟಿಯ ಉದ್ದಕ್ಕೂ ಗಾಳಿ, ಉಷ್ಣತೆ, ತೇವಾಂಶಗಳನ್ನು ಅಳೆದರು.

ಈ ಅಳತೆಗಳಿಂದ ಬಂದ ಫಲವೊಂದನ್ನು ಹೇಳುತ್ತೇನೆ. ನೆಲ ಗಾಳಿಯನ್ನು ಹಿಡಿದೆಳೆಯುವ ಬಲ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ, ನೆಲದಿಂದ ಏರುವ ಶಾಖವೂ ಗಾಳಿಯ ವೇಗದೊಂದಿಗೆ ಹೆಚ್ಚುತ್ತದೆ ಎಂಬುದು ಪಠ್ಯಪುಸ್ತಕದ ಮಾತು. 1954ರ ಮೋನಿನ್ ಮತ್ತು ಒಬುಖೋವ್ ಅವರ ಸಿದ್ಧಾಂತವನ್ನು ಆಧರಿಸಿದ ಸೂತ್ರಗಳನ್ನು ಬಹುಮಟ್ಟಿಗೆ ಶೀತ ದೇಶಗಳ, ಗಾಳಿ ಜೋರಾಗಿ ಬೀಸುವ ಬಯಲುಗಳ ಅಳತೆಗಳಿಂದ ಒರೆಗೆ ಹಚ್ಚಲಾಗಿತ್ತು. ನಮ್ಮಲ್ಲಿ ನೆಲ ಕಾದು ಕೆಂಪಾಗಿದ್ದರೂ ಗಾಳಿ ಅಲುಗಾಡದ ಮಧ್ಯಾಹ್ನಗಳೇ ಹೆಚ್ಚು. ಜೋಧಪುರದ ಅಳತೆಗಳನ್ನು ಕುಸುಮಾ ರಾವ್ ಅವರೊಂದಿಗೆ ಪರಿಶೀಲಿಸಿ 2006ರಲ್ಲಿ ನರಸಿಂಹ ಅವರು ತೋರಿಸಿದಂತೆ, ಗಾಳಿ ಮಂದವಾಗಿರುವಾಗ ಎಳೆತ ವೇಗದ ವರ್ಗವನ್ನಲ್ಲ, ವೇಗವನ್ನೇ ನೇರವಾಗಿ ಅನುಸರಿಸುತ್ತದೆ. ಏರುವ ಶಾಖವಂತೂ ಗಾಳಿಯ ವೇಗವನ್ನು ಲೆಕ್ಕಿಸುವುದೇ ಇಲ್ಲ. ಮತ್ತೆ ಅದೇ ಕ್ರಮ: ಎರಡು ಸ್ಥಿತಿಗಳ ನಡುವಿನ ಗಡಿ, ಅಲ್ಲಿ ಒಂದು ಸರಳ ನಿಯಮ.

ಅವರು ಕೈಹಾಕಿದ್ದೆಲ್ಲ ಹೀಗೆ ಸರಿಯೆಂದೇ ಉಳಿದುಕೊಂಡಿತು ಎಂದು ತಿಳಿಯಬೇಡಿ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಅತಿ ತಂಪಾದ ಗಾಳಿ ನೆಲದ ಮೇಲಲ್ಲ, ನೆಲದಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲೆ ಇರುತ್ತದೆ ಎಂದು ಎಲ್. ಎ. ರಾಮದಾಸ್ ಮತ್ತು ಅವರ ಸಹೋದ್ಯೋಗಿ 1932ರಲ್ಲಿ ವರದಿ ಮಾಡಿದ್ದರು, ಬಹಳ ಕಾಲ ಯಾರೂ ನಂಬಿರಲಿಲ್ಲ. ನರಸಿಂಹ ಮತ್ತು ಸಹೋದ್ಯೋಗಿಗಳು 1993ರಲ್ಲಿ ನೆಲದ ಮತ್ತು ಗಾಳಿಯ ವಿಕಿರಣವನ್ನು ಆಧರಿಸಿ ಇದಕ್ಕೊಂದು ಸಿದ್ಧಾಂತ ಕೊಟ್ಟರು. ನಂತರ ಬೆಂಗಳೂರಿನಲ್ಲಿಯೇ ನಡೆದ ಪ್ರಯೋಗಗಳು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಪಾತ್ರವನ್ನು ಮುಂದಕ್ಕೆ ತಂದವು, ವಿವರಣೆ ಬದಲಾಯಿತು. ಮರೆತುಹೋಗಿದ್ದ ಪ್ರಶ್ನೆಯೊಂದನ್ನು ಪ್ರಯೋಗಾಲಯದ ಮೇಜಿಗೆ ಮತ್ತೆ ತಂದದ್ದು ಮಾತ್ರ ಆ ಸಿದ್ಧಾಂತ.

1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗಿನ ಆಡಳಿತದ ಕಥೆಯನ್ನು ಇತರರು ಸಾಕಷ್ಟು ಬರೆದಿದ್ದಾರೆ. ಹರಿವಿನ ಸಮೀಕರಣಗಳನ್ನು ಬಿಡಿಸಲು ಬೇಕಾದ ದೊಡ್ಡ ಕಂಪ್ಯೂಟರ್ ಹೊರದೇಶಗಳಿಂದ ಸುಲಭವಾಗಿ ಸಿಗದಿದ್ದ ಆ ಕಾಲದಲ್ಲಿ, 1986ರಲ್ಲಿ, ಹಲವು ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಭಾರತದ ಮೊದಲ ಸಮಾನಾಂತರ ಕಂಪ್ಯೂಟರ್ ಅಲ್ಲಿ ಸಿದ್ಧವಾಯಿತು ಎಂಬುದನ್ನಷ್ಟೇ ನೆನಪಿಸುತ್ತೇನೆ.

ಮೋಡದ ಕೆಲಸಕ್ಕೆ ಬಂದರೆ, ಅದರ ಬೇರು ಹಳೆಯ ಪ್ರಶ್ನೆಯೊಂದರಲ್ಲಿದೆ. ಹೊಗೆಯ ಕಂಬ ಮೇಲೇರುತ್ತ ಸುತ್ತಲಿನ ಗಾಳಿಯನ್ನು ಒಳಗೆ ಸೆಳೆದುಕೊಂಡು ಶಂಕುವಿನಂತೆ ಅಗಲವಾಗುತ್ತದೆ. ಒಳಸೆಳೆತದ ವೇಗ ಏರುವ ವೇಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಊಹೆಯ ಮೇಲೆ ಮಾರ್ಟನ್, ಟೇಲರ್, ಟರ್ನರ್ 1956ರಲ್ಲಿ ಕಟ್ಟಿದ ಸಿದ್ಧಾಂತ ಇದನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಮಳೆಗಾಲದಲ್ಲಿ ಗೋಪುರದಂತೆ ಎದ್ದು ನಿಲ್ಲುವ ರಾಶಿಮೋಡ ಹಾಗೆ ಶಂಕುವಿನ ಆಕಾರದಲ್ಲಿ ಅಗಲವಾಗುವುದಿಲ್ಲ. ವ್ಯತ್ಯಾಸವೇನೆಂದರೆ, ಹೊಗೆಗೆ ಶಾಖ ಸಿಗುವುದು ಬುಡದಲ್ಲಿ ಮಾತ್ರ. ಮೋಡದಲ್ಲಾದರೆ ಒಂದು ಕಿಲೋಗ್ರಾಂ ಆವಿ ಹನಿಯಾದಾಗಲೆಲ್ಲ ಸುಮಾರು 25 ಲಕ್ಷ ಜೂಲ್ ಗುಪ್ತೋಷ್ಣ ಬಿಡುಗಡೆಯಾಗುತ್ತದೆ, ಅದು ಏರುವ ದಾರಿಯುದ್ದಕ್ಕೂ, ಹರಿವಿನ ಒಳಗೇ ಆಗುತ್ತದೆ.

ಇದನ್ನು ಪ್ರಯೋಗಾಲಯದಲ್ಲಿ ಅನುಕರಿಸುವುದು ಹೇಗೆ? ಜಿ. ಎಸ್. ಭಟ್ ಅವರೊಡನೆ ನರಸಿಂಹ ಅವರು ಹೂಡಿದ ಉಪಾಯ ಜಾಣತನದ್ದು. ತೊಟ್ಟಿಯ ನೀರಿನೊಳಗೆ ಚಿಮ್ಮುವ ನೀರಿನ ಧಾರೆಗೆ ಮಾತ್ರ ಸ್ವಲ್ಪ ಆಮ್ಲ ಬೆರೆಸಿ ಅದಕ್ಕೆ ವಿದ್ಯುತ್ತನ್ನು ಹಾಯಿಸುವ ಗುಣ ಕೊಟ್ಟರು. ಧಾರೆಯ ದಾರಿಯಲ್ಲಿ ಸಣ್ಣ ತಂತಿಗಳ ಜಾಲಗಳನ್ನು ಇಟ್ಟು ವಿದ್ಯುತ್ ಹರಿಸಿದರು. ಸುತ್ತಲಿನ ಶುದ್ಧ ನೀರಿನಲ್ಲಿ ವಿದ್ಯುತ್ತು ಅಷ್ಟಾಗಿ ಹರಿಯುವುದಿಲ್ಲವಾದ್ದರಿಂದ ಶಾಖವೆಲ್ಲ ಧಾರೆಯ ನೀರಿಗೇ, ಧಾರೆಯ ಒಳಗೇ ಸೇರುತ್ತದೆ. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಶಾಖ ಸೇರುವ ವಲಯದಲ್ಲಿ ಧಾರೆ ಅಗಲವಾಗುವುದು ನಿಲ್ಲುತ್ತದೆ, ಹೊರಗಿನ ನೀರನ್ನು ಒಳಗೆ ಸೆಳೆಯುವ ದೊಡ್ಡ ಸುಳಿಗಳು ಒಡೆಯುತ್ತವೆ, ಒಳಸೆಳೆತ ಕುಗ್ಗುತ್ತದೆ. ಮುಂದೆ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ವಿಧಾನವನ್ನು ವಿಸ್ತರಿಸಿ, ಶಾಖವನ್ನು ಎಲ್ಲಿ, ಎಷ್ಟು ಹೊತ್ತು, ಎಷ್ಟು ಕೊಡಬೇಕೆಂಬುದನ್ನು ಬದಲಿಸುವ ಮೂಲಕ ಆಕಾಶದಲ್ಲಿ ಕಾಣುವ ಬೇರೆ ಬೇರೆ ಮೋಡಗಳ ಆಕಾರಗಳನ್ನೇ ತೊಟ್ಟಿಯಲ್ಲಿ ಮೂಡಿಸಿ, 2011ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ಮೋಡ ಎಷ್ಟು ಒಣಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ ಎಂಬುದರ ಮೇಲೆಯೇ ಅದರ ಎತ್ತರ ಮತ್ತು ಮಳೆ ನಿಂತಿರುವುದರಿಂದ ಹವಾಮಾನ ಮಾದರಿಗಳಲ್ಲಿ ಇದು ಇಂದಿಗೂ ಅತಿ ದುರ್ಬಲವಾದ ಕೊಂಡಿಗಳಲ್ಲಿ ಒಂದು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ದಕ್ಕಿದ್ದೇನು ಎಂಬ ನಿಮ್ಮ ಪ್ರಶ್ನೆಗೆ, ಮೇಲೆ ಹೇಳಿದ ಅಳೆದು ನೋಡಬಹುದಾದ ಸರಳ ಹೇಳಿಕೆಗಳೇ ಉತ್ತರ. ಇವುಗಳಲ್ಲಿ ಯಾವುದೂ ಪ್ರಕ್ಷುಬ್ಧತೆಯ ಸಾಮಾನ್ಯ ಸಿದ್ಧಾಂತವಲ್ಲ, ಅಂಥದೊಂದು ಯಾರ ಬಳಿಯೂ ಇಲ್ಲ.

ಇನ್ನು ನಿಮ್ಮ ಮಗಳ ವಿಷಯ. 1957ರ ಆ ಪುಟ್ಟ ಟಿಪ್ಪಣಿಯಿಂದ ಶುರುಮಾಡಲು ಹೇಳಿ. ಸಂಭಾವ್ಯತೆಯ ಪಾಠದಲ್ಲಿ ಬರುವ ಪ್ವಾಸಾನ್ ಹಂಚಿಕೆ ಮತ್ತು ಗಡಿಪದರದ ಪ್ರಾಥಮಿಕ ಪರಿಚಯ ಇದ್ದರೆ ಸಾಕು. ಅದರ ಸೂತ್ರದಲ್ಲಿ 0.411 ಎಂಬ ಸಂಖ್ಯೆಯೊಂದು ಬರುತ್ತದೆ. ಅದು ಪ್ರಯೋಗಕ್ಕೆ ಹೊಂದಿಸಿ ತಂದದ್ದಿರಬೇಕು ಎಂದು ಹಲವರು ಭಾವಿಸುತ್ತಾರೆ, ಹಾಗಲ್ಲ. ಗಾಮಾದ ಬೆಲೆ 0.25 ಇರುವ ಜಾಗದಿಂದ 0.75 ಇರುವ ಜಾಗದವರೆಗಿನ ದೂರವನ್ನೇ ಉದ್ದದ ಅಳತೆಗೋಲಾಗಿ ಆರಿಸಿಕೊಂಡದ್ದರಿಂದ ಬೀಜಗಣಿತದಲ್ಲಿ ತಾನಾಗಿ ಬರುವ ಸಂಖ್ಯೆ ಅದು. ಅವಳು ಅದನ್ನು ಕಾಗದದ ಮೇಲೆ ತಾನೇ ಬಿಡಿಸಿ ಪಡೆಯಲಿ, ಆಮೇಲೆ ಎಮನ್ಸರ ಊಹೆಗೂ ಅದೇ ಲೆಕ್ಕ ಮಾಡಿ ಎರಡು ವಕ್ರರೇಖೆಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಲಿ. 1973ರ ಲೇಖನಕ್ಕೆ ಗಡಿಪದರದ ಸಮೀಕರಣಗಳ ಮೇಲೆ ಹಿಡಿತ ಬೇಕಾಗುತ್ತದೆ, ಅಂತಿಮ ವರ್ಷದ ಹೊತ್ತಿಗೆ ಅದು ಸಾಧ್ಯ. ಮೋಡದ ಪ್ರಯೋಗಗಳನ್ನು ಕೊನೆಗೆ ಇಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ತೇಲುಬಲದ ಹರಿವುಗಳ ಬಗ್ಗೆ ಪದವಿ ತರಗತಿಗಳಲ್ಲಿ ನಾವು ಬಹಳ ಕಡಿಮೆ ಕಲಿಸುತ್ತೇವೆ.